ಹತ್ತು ನಿಮಿಷ ನಿಲ್ಲೋ ಸ್ಟೇಷನ್‌ನಲ್ಲಿ ಇಳಿಯೋದಾ, ಬೇಡ್ವಾ?

ಪ್ರಶ್ನೆ: ಮುಂದಿನ ತಿಂಗಳು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೇವೆ. ನಾನು, ನಮ್ಮಮ್ಮ (72 ವರ್ಷ), ಎಂಟು ವರ್ಷದ ಮಗ. ಥರ್ಡ್ ಎಸಿ. ಎರಡು ರಾತ್ರಿ ಕೂತಲ್ಲೇ ಕೂತರೆ ಅಮ್ಮನಿಗೆ ಕಾಲು ಹಿಡಿದುಕೊಳ್ಳುತ್ತದೆ. ಮಗನಿಗೆ ಪ್ರತಿ ಸ್ಟೇಷನ್‌ನಲ್ಲೂ ಇಳಿಯೋ ಆಸೆ. ರೈಲು ಬಿಟ್ಟುಬಿಟ್ಟರೆ ಅಂತ ನನಗೆ ಭಯ. ಏನು ಮಾಡಲಿ?

ಉತ್ತರ: ಇಳಿಯಿರಿ ಮೇಡಂ, ಖಂಡಿತ ಇಳಿಯಿರಿ. ಆದರೆ "ಇಲ್ಲಿ ಹತ್ತು ನಿಮಿಷ ನಿಲ್ಲುತ್ತೆ" ಅನ್ನೋ ಮಾತನ್ನು ಮಾತ್ರ ನಂಬಬೇಡಿ. ನೀವು ನೋಡಬೇಕಾದದ್ದು ಎಷ್ಟು ನಿಮಿಷ ನಿಲ್ಲುತ್ತದೆ ಅಂತಲ್ಲ, ಎಷ್ಟು ಗಂಟೆಗೆ ಹೊರಡಬೇಕು ಅಂತ. ರೈಲು ಬೇಗ ಬಂದರೆ ಆ ಸಮಯದವರೆಗೂ ನಿಂತೇ ಇರುತ್ತದೆ, ಆಗ ಆರಾಮಾಗಿ ಓಡಾಡಬಹುದು. ತಡವಾಗಿ ಬಂದಿದ್ದರೆ ಹತ್ತು ನಿಮಿಷದ ಜಾಗದಲ್ಲಿ ಮೂರೇ ನಿಮಿಷಕ್ಕೆ ಹೊರಟರೂ ಹೊರಟಿತು. ಸ್ಟೇಷನ್ ಬರೋಕೆ ಅರ್ಧ ಗಂಟೆ ಮುಂಚೆ ರೈಲ್ವೆಯವರ ಎನ್‌ಟಿಇಎಸ್ ಆ್ಯಪ್‌ನಲ್ಲಿ ರೈಲು ಎಷ್ಟು ತಡ ಅಂತ ನೋಡಿಕೊಳ್ಳಿ, ಇಲ್ಲವೇ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ.

ಒಂದು ಸಲ ನಾನು ಹೀಗೇ ನೀರಿಗೆ ಅಂತ ಇಳಿದೆ. ನಲ್ಲಿಯ ಹತ್ತಿರ ಸಾಲು, ಬಾಟಲಿ ಇನ್ನೂ ಅರ್ಧ ತುಂಬಿರಲಿಲ್ಲ, ತಿರುಗಿ ನೋಡಿದರೆ ಬೋಗಿಗಳು ಸದ್ದೇ ಇಲ್ಲದೆ ಜರುಗುತ್ತಿವೆ. ನಮ್ಮ ಬೋಗಿ ಆಗಲೇ ಮುಂದೆ ಹೋಗಿತ್ತು. ಹೇಗೋ ಹಿಂದಿನ ಬೋಗಿ ಹತ್ತಿ ಒಳಗಿಂದಲೇ ನಡೆದು ಬಂದೆ, ಅಷ್ಟರಲ್ಲಿ ನಮ್ಮಮ್ಮ ಅಳುತ್ತಾ ಕೂತಿದ್ದರು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಅವತ್ತಿನಿಂದ ನಾನು ನಮ್ಮ ಬೋಗಿಯ ಬಾಗಿಲು ಬಿಟ್ಟು ಇಪ್ಪತ್ತು ಹೆಜ್ಜೆ ಆಚೆ ಹೋಗಿಲ್ಲ. ಬೇಕಾದ್ದು ಅಷ್ಟರೊಳಗೆ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಮುಂದಿನ ಸ್ಟೇಷನ್. ಒಂದು ಸ್ಟೇಷನ್‌ಗೆ ಒಂದೇ ಕೆಲಸ, ಅದೂ ರೈಲು ನಿಲ್ಲೋ ಮುಂಚೆಯೇ ತೀರ್ಮಾನ ಆಗಿರಬೇಕು. ಫೋನ್, ಪರ್ಸ್, ಗುರುತಿನ ಚೀಟಿ ಜೇಬಿನಲ್ಲೇ ಇರಲಿ.

ಮಗನನ್ನು ಕರೆದುಕೊಂಡು ಇಳಿಯುವಾಗ ಅಮ್ಮ ಸೀಟಿನಲ್ಲೇ ಇರಲಿ, ಸಾಮಾನು ನೋಡಿಕೊಂಡ ಹಾಗೂ ಆಯಿತು. ಬೋಗಿ ನಂಬರ್ ಅವನಿಗೆ ಬಾಯಿಪಾಠ ಆಗಿರಲಿ. ಅಮ್ಮನನ್ನು ಎಲ್ಲ ಕಡೆ ಇಳಿಸೋದು ಬೇಡ. ಬೆಳಿಗ್ಗೆ ಸೋಲಾಪುರ, ಸಂಜೆ ಭೂಸಾವಳ, ಅಷ್ಟು ಸಾಕು. ಆಗ ಮೂವರೂ ಬಾಗಿಲ ಎದುರಿಗೇ ಓಡಾಡಿ, ಸಾಮಾನು ನೋಡ್ತಿರಿ ಅಂತ ಪಕ್ಕದವರಿಗೆ ಹೇಳಿ. ಮೆಟ್ಟಿಲಿಗೂ ಪ್ಲಾಟ್‌ಫಾರ್ಮ್‌ಗೂ ನಡುವೆ ಜಾಗ ಜಾಸ್ತಿ ಇದ್ದರೆ ಇಳಿಸಲೇಬೇಡಿ, ಒಳಗೇ ಒಂದೆರಡು ಸುತ್ತು ನಡೆಸಿ.

ತಿಂಡಿಗೆ ಬಂದರೆ, ಎಸಿ ಬೋಗಿಯ ಕಿಟಕಿ ತೆರೆಯೋಕಾಗಲ್ಲ, ಕೊಳ್ಳಬೇಕೆಂದರೆ ಬಾಗಿಲಿಗೇ ಬರಬೇಕು. ಹತ್ತು, ಇಪ್ಪತ್ತರ ನೋಟು ಕೈಯಲ್ಲಿಟ್ಟುಕೊಳ್ಳಿ. ರೈಲು ಹೊರಡೋ ಹೊತ್ತಿಗೆ ಯುಪಿಐ ಸುಮ್ನೆ ಸುತ್ತುತ್ತಾ ಕೂತರೆ ಮಾರುವವನಿಗೂ ಕಷ್ಟ, ನಿಮಗೂ ಕಷ್ಟ. ಭೂಸಾವಳ, ಜಳಗಾಂವ್ ಬಾಳೆಯ ಸೀಮೆ. ಅಲ್ಲಿ ಒಂದು ಡಜನ್ ಬಾಳೆಹಣ್ಣು ತಗೊಳ್ಳಿ, ಸಿಪ್ಪೆ ಇರೋ ಹಣ್ಣು, ಮಗುವಿಗೂ ಅಮ್ಮನಿಗೂ ಭಯವಿಲ್ಲ. ಊಟ ಐಆರ್‌ಸಿಟಿಸಿ ಇ-ಕೇಟರಿಂಗ್‌ನಲ್ಲಿ ಟಿಕೆಟ್ ಮೇಲಿರೋ ಪಿಎನ್‌ಆರ್ ನಂಬರ್ ಕೊಟ್ಟು ಮೊದಲೇ ಹೇಳಿಟ್ಟರೆ ಸೀಟಿಗೇ ಬರುತ್ತದೆ, 1323ಕ್ಕೆ ಫೋನ್ ಮಾಡಿಯೂ ಹೇಳಬಹುದು. ಊಟದ ಚಿಂತೆ ಇಲ್ಲದಿದ್ದರೆ ಸ್ಟೇಷನ್‌ನ ಸಮಯವೆಲ್ಲ ಗಾಳಿಗೆ, ನಡಿಗೆಗೆ.

ಇಷ್ಟಾಗಿಯೂ ರೈಲು ತಪ್ಪಿದರೆ ಹಿಂದೆ ಓಡಬೇಡಿ. ಮೊದಲು ಅಮ್ಮನಿಗೆ ಫೋನ್, ಆಮೇಲೆ ಸ್ಟೇಷನ್ ಮಾಸ್ಟರ್ ಅಥವಾ ಆರ್‌ಪಿಎಫ್ (ರೈಲ್ವೆ ರಕ್ಷಣಾ ದಳ), ಜೊತೆಗೆ 139. ಅದಕ್ಕೇ ಅಮ್ಮನ ಕೈಯಲ್ಲೂ ಚಾರ್ಜ್ ಇರೋ ಒಂದು ಫೋನ್ ಇರಲೇಬೇಕು.

ಕೊನೆಯ ದಿನ ಮಥುರಾ ಬರುತ್ತದೆ, ಪೇಡಕ್ಕೆ ಹೆಸರಾದ ಊರು. ಅಲ್ಲಿ ನಿಲ್ಲೋದು ಕಮ್ಮಿ ಹೊತ್ತು. ಮಾರುವವನು ನಿಮ್ಮ ಬಾಗಿಲ ಹತ್ತಿರ ಬಂದರೆ ಮಗನ ಕೈಗೇ ದುಡ್ಡು ಕೊಡಿ, ಅವನೇ ಕೊಳ್ಳಲಿ. ನೀವು ಅವನ ಹೆಗಲ ಮೇಲೆ ಕೈ ಇಟ್ಟು ನಿಂತಿರಿ.