ಕೋಕ್ ಓವನ್ ಮುಚ್ಚಿದರೆ ಗುತ್ತಿಗೆ ಕಾರ್ಮಿಕರ ಗತಿಯೇನು?

ಪ್ರಶ್ನೆ: ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಯೊಂದರ ಕೋಕ್ ಓವನ್‌ನಲ್ಲಿ (ಕಲ್ಲಿದ್ದಲನ್ನು ಕಾಯಿಸಿ ಕೋಕ್ ಎಂಬ ಇಂಧನ ಮಾಡುವ ಒಲೆ) ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದೇನೆ. ಗ್ರೀನ್ ಸ್ಟೀಲ್, ಅಂದರೆ ಇಂಗಾಲ ಕಡಿಮೆ ಉಗುಳಿ ತಯಾರಿಸುವ ಉಕ್ಕು, ಬಂದರೆ ಕಲ್ಲಿದ್ದಲೇ ಬೇಡವಾಗುತ್ತದಂತೆ. ಯೂನಿಯನ್‌ನಲ್ಲಿ ಕೇಳಿದರೆ ‘ಅದೆಲ್ಲ ದೂರದ ಮಾತು, ಬಂದಾಗ ನೋಡೋಣ’ ಎನ್ನುತ್ತಾರೆ. ನಾವು ಹೆದರಬೇಕಾ ಸಾರ್? ಈಗಲೇ ಮಾಡುವಂಥದ್ದು ಏನಾದರೂ ಇದೆಯಾ?

ಉತ್ತರ: ನಾಳೆಯೇ ಕೆಲಸ ಹೋಗುತ್ತದೆ ಎಂದು ಹೆದರಬೇಡಿ. ಆದರೆ ‘ಬಂದಾಗ ನೋಡೋಣ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಯುರೋಪಿಗೆ ಹೋಗುವ ಉಕ್ಕಿನ ಮೇಲೆ 2026ರ ಜನವರಿಯಿಂದ ಅಲ್ಲಿನ ಇಂಗಾಲ ಶುಲ್ಕದ (ತಯಾರಿಸುವಾಗ ಹೊರಬಿದ್ದ ಇಂಗಾಲಕ್ಕೆ ತಕ್ಕ ಶುಲ್ಕ) ನಿಯಮ ಜಾರಿಯಾಗಿದೆ. ಅದರ ಬಿಸಿ ನಮ್ಮ ಕಾರ್ಖಾನೆಗಳಿಗೂ ತಟ್ಟುತ್ತದೆ.

ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿರುವ ಟಾಟಾ ಸ್ಟೀಲ್ ಕಾರ್ಖಾನೆಯನ್ನು ನೋಡಿ. ಅಲ್ಲಿ ಮೊದಲು ನಿಂತಿದ್ದೇ ಕೋಕ್ ಓವನ್, 2024ರ ಮಾರ್ಚ್‌ನಲ್ಲಿ. ಜುಲೈನಲ್ಲಿ ಕೋಕ್ ಉರಿಸಿ ಅದಿರಿನಿಂದ ಕಬ್ಬಿಣ ತೆಗೆಯುವ ಒಂದು ಬ್ಲಾಸ್ಟ್ ಫರ್ನೇಸ್ ಆರಿತು, ಸೆಪ್ಟೆಂಬರ್ 30ಕ್ಕೆ ಇನ್ನೊಂದು. ಬದಲಿಗೆ ವಿದ್ಯುತ್ತಿನಿಂದ ಗುಜರಿ ಕರಗಿಸುವ ಎಲೆಕ್ಟ್ರಿಕ್ ಆರ್ಕ್ ಫರ್ನೇಸ್ ಬರುತ್ತಿದೆ. ಖರ್ಚು 125 ಕೋಟಿ ಪೌಂಡ್, ಅದರಲ್ಲಿ 50 ಕೋಟಿ ಸರ್ಕಾರದ ಹಣ. ಆದರೆ ಅದು ಶುರುವಾಗುವುದು 2027ರ ಕೊನೆಗೋ 2028ಕ್ಕೋ. ಹಳೆಯದು ಮುಚ್ಚಿ ಹೊಸದು ತೆರೆಯುವ ನಡುವೆ ಮೂರು ವರ್ಷ! 2,500ಕ್ಕೂ ಹೆಚ್ಚು ಕೆಲಸಗಳಿಗೆ ಕುತ್ತು ಬಂದದ್ದು ಹೀಗೆ.

ಅಲ್ಲಿನ ಯೂನಿಯನ್‌ಗಳು ಹೊಸ ಫರ್ನೇಸ್ ಬೇಡ ಎನ್ನಲಿಲ್ಲ. ತಜ್ಞರನ್ನು ಹಿಡಿದು ತಮ್ಮದೇ ಯೋಜನೆ ಮಾಡಿಸಿದರು: ಒಂದು ಬ್ಲಾಸ್ಟ್ ಫರ್ನೇಸ್ 2032ರವರೆಗೆ ಉರಿಯಲಿ, ಅಷ್ಟರಲ್ಲಿ ಹೊಸದು ಬರಲಿ ಎಂದು. ಖರ್ಚು ಜಾಸ್ತಿ ಎಂದು ಕಂಪನಿ ಒಪ್ಪಲಿಲ್ಲ. ನನ್ನ ಮಟ್ಟಿಗೆ ಆ ಯೋಜನೆ ಚೆನ್ನಾಗಿಯೇ ಇತ್ತು, ಬಂದ ಹೊತ್ತು ತಪ್ಪಿತ್ತು. ಕಂಪನಿ ಮತ್ತು ಸರ್ಕಾರದ ಒಪ್ಪಂದ 2023ರ ಸೆಪ್ಟೆಂಬರ್‌ನಲ್ಲೇ ಪ್ರಕಟವಾಗಿತ್ತು. ಯೂನಿಯನ್ ಯೋಜನೆ ಬಂದದ್ದು ನವೆಂಬರ್‌ನಲ್ಲಿ.

ಹಾಗಾದರೆ ಸರಿಯಾದ ಹೊತ್ತು ಯಾವುದು? ಬ್ಲಾಸ್ಟ್ ಫರ್ನೇಸ್‌ನ ಒಳಗಿನ ಇಟ್ಟಿಗೆ ಸುಮಾರು 15–20 ವರ್ಷಕ್ಕೆ ಸವೆಯುತ್ತದೆ. ಆಗ ರಿಲೈನಿಂಗ್‌ಗೆ, ಅಂದರೆ ಆ ಇಟ್ಟಿಗೆ ಬದಲಿಸಲು, ಮತ್ತೆ ನೂರಾರು ಕೋಟಿ ಸುರಿಯಬೇಕಾ, ಇಲ್ಲಾ ಬೇರೆ ದಾರಿ ಹಿಡಿಯಬೇಕಾ ಎಂದು ಕಂಪನಿ ಲೆಕ್ಕ ಹಾಕುತ್ತದೆ. ನಿಮ್ಮ ಫರ್ನೇಸ್‌ಗಳ ರಿಲೈನಿಂಗ್ ಯಾವ ವರ್ಷ ಎಂದು ಯೂನಿಯನ್ ಈಗಲೇ ಬರೆದು ಕೇಳಲಿ. ‘ಹೊಸ ಘಟಕ ಶುರುವಾಗುವವರೆಗೆ ಹಳೆಯದನ್ನು ಮುಚ್ಚಬಾರದು, ಅಲ್ಲಿಗೆ ಬೇಕಾದ ತರಬೇತಿ ಸಂಬಳದ ಸಮೇತ ಸಿಗಬೇಕು’ ಎಂಬುದು ವೇತನ ಒಪ್ಪಂದದೊಳಗೇ ಬರಲಿ. ಸುಮ್ನೆ ಕಾನೂನನ್ನು ನಂಬಿ ಕೂತರೆ ಆಗದು. ಕೆಲಸ ಕಡಿತವಾಗುವಂಥ ಯಂತ್ರ ಬದಲಾವಣೆಗೆ ಕಂಪನಿ ಕೊಡಬೇಕಾದ ನೋಟಿಸ್ ಬರೀ 21 ದಿನದ್ದು. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯ ಮರುಕೌಶಲ ನಿಧಿಯಿಂದ ಕೆಲಸ ಕಳೆದುಕೊಂಡವರಿಗೆ ಸಿಗುವುದು 15 ದಿನದ ಸಂಬಳದಷ್ಟು. ‘ಗುತ್ತಿಗೆ ಅವಧಿ ಮುಗಿಯಿತು’ ಎಂದು ಕೈ ತೊಳೆದುಕೊಂಡರೆ ಅದೂ ನಿಮ್ಮ ಕೈಗೆ ಸಿಗುವುದು ಕಷ್ಟ.

ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ. ಕಾಯಂ ನೌಕರರ ಯೂನಿಯನ್‌ಗಳು ಮಾತುಕತೆಗೆ ಕೂತಾಗ ನಿಮ್ಮಂಥವರ ಹೆಸರೇ ಎತ್ತುವುದಿಲ್ಲ. ಹಾಗೇ ಆಗಬೇಕೆಂದೇನಿಲ್ಲ. ಸ್ಪೇನ್‌ನಲ್ಲಿ 2018ರಲ್ಲಿ ಕಲ್ಲಿದ್ದಲು ಗಣಿ ಮುಚ್ಚುವ ಮೊದಲೇ ಯೂನಿಯನ್‌ಗಳು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡವು. 48 ದಾಟಿದ ಗಣಿ ಕಾರ್ಮಿಕರಿಗೆ ಅವಧಿಗೆ ಮುಂಚಿನ ನಿವೃತ್ತಿ ಸಿಕ್ಕಿತು. ಗುತ್ತಿಗೆಯವರನ್ನೂ ಅವರು ಆ ಒಪ್ಪಂದದಿಂದ ಹೊರಗಿಡಲಿಲ್ಲ.

ನಿಮ್ಮ ಕಡೆಯಿಂದ ಒಂದು ಕೆಲಸ ಆಗಬೇಕು. ಪ್ರತಿ ಟೆಂಡರ್‌ಗೂ ಗುತ್ತಿಗೆದಾರ ಬದಲಾಗುತ್ತಾನೆ, ಹತ್ತು ವರ್ಷ ದುಡಿದವನೂ ಹೊಸಬನಾಗಿಬಿಡುತ್ತಾನೆ, ಅಲ್ವಾ? ಅದಕ್ಕೇ ಹಳೇ ಗೇಟ್ ಪಾಸ್, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ ಎಲ್ಲದರ ನಕಲು ತೆಗೆದಿಡಿ. ಜೊತೆಯವರಿಗೂ ಹೇಳಿ. ಎಷ್ಟು ಜನ, ಎಷ್ಟು ವರ್ಷದಿಂದ, ಯಾವ ಕೆಲಸದಲ್ಲಿ ಎಂಬ ಪಟ್ಟಿ ಮಾಡಿ, ಮುಂದಿನ ಸಭೆಯಲ್ಲಿ ಯೂನಿಯನ್ ಮುಂದೆ ಇಡಿ.