ಗ್ರೀಸಿನ ದ್ವೀಪಗಳಿಗೆ ಹಾಯಿದೋಣಿಯಲ್ಲಿ: ಓದುಗರ ಪ್ರಶ್ನೆ, ನಾವಿಕನ ಉತ್ತರ

ಕಳೆದ ಸಂಚಿಕೆಯಲ್ಲಿ ಗ್ರೀಸಿನ ಹಾಯಿದೋಣಿ ಪ್ರವಾಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದರ ಬೆನ್ನಿಗೇ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ನಾನು ಕುಮಟೆಯವನು. ಸರಕು ಹಡಗುಗಳಲ್ಲಿ ದುಡಿದು ನಿವೃತ್ತನಾದ ಮೇಲೆ ಆ ದ್ವೀಪಗಳ ನಡುವೆ ಬರಿಯ ಪ್ರಯಾಣಿಕನಾಗಿ ಓಡಾಡಿದ್ದೇನೆ.

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ದೋಣಿ ನಡೆಸಲು ಸ್ಕಿಪ್ಪರ್ (ನಾಯಕ) ಇರುವ ಹಾಯಿದೋಣಿಯಲ್ಲಿ ಇತರ ಪ್ರವಾಸಿಗರೊಂದಿಗೆ ಒಂದು ವಾರ ಸುತ್ತೋಣ ಎಂದು ಮಗ ಹಟ ಹಿಡಿದಿದ್ದಾನೆ. ಅವನಿಗೆ ರಜೆ ಸಿಗುವುದು ಆಗಸ್ಟ್‌ನಲ್ಲಿ. ಅಥೆನ್ಸ್‌ನಿಂದ ಮಿಕೊನೊಸ್, ಸ್ಯಾಂಟೊರಿನಿ ಒಂದು ದಾರಿ. ಲೆಫ್ಕಾದದಿಂದ ಇಥಾಕಾ, ಕೆಫಲೋನಿಯಾ ಇನ್ನೊಂದು. ಸ್ಯಾಂಟೊರಿನಿಯ ಚಿತ್ರಗಳನ್ನು ನೋಡಿ ನಮಗೆ ಆಸೆಯಾಗಿದೆ. ಯಾವುದಕ್ಕೆ ಹೋಗಲಿ?
— ದಂಪತಿ, ಮೈಸೂರು

ಉತ್ತರ: ಎರಡನೆಯದಕ್ಕೆ. ದ್ವೀಪದ ಚಂದ ನೋಡಿ ದಾರಿ ಆರಿಸಬೇಡಿ, ಗಾಳಿ ನೋಡಿ ಆರಿಸಿ. ಹಾಯಿದೋಣಿ ಪ್ರವಾಸದ ವಿಷಯದಲ್ಲಿ ನಾನು ಯಾರಿಗೇ ಆದರೂ ಮೊದಲು ಹೇಳುವ ಮಾತು ಇದು.

ನಿಮ್ಮ ಮೊದಲ ದಾರಿ ಹಾಯುವುದು ಗ್ರೀಸಿನ ಪೂರ್ವಕ್ಕಿರುವ ಏಜಿಯನ್ ಸಮುದ್ರದಲ್ಲಿ. ಅಲ್ಲಿ ಬೇಸಿಗೆಯಲ್ಲಿ ಮೆಲ್ಟೆಮಿ ಎಂಬ ಬಡಗಣ ಗಾಳಿ ಬೀಸುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದರ ಜೋರು ಹೆಚ್ಚು. ಬಾಲ್ಕನ್ ಪ್ರದೇಶದ ಮೇಲೆ ವಾಯುಭಾರ ಹೆಚ್ಚಿರುತ್ತದೆ, ಟರ್ಕಿಯ ಮೇಲೆ ಕಡಿಮೆ ಇರುತ್ತದೆ. ಆ ಕಡಿಮೆ ಒತ್ತಡ, ನಮಗೆ ಮುಂಗಾರನ್ನು ಎಳೆದು ತರುವ ಏಷ್ಯಾದ ಬೇಸಿಗೆ ಕಾವಿನದೇ ಪಶ್ಚಿಮದ ಚಾಚು. ಕುಮಟೆಯಲ್ಲಿ ಮಳೆ ಹೊಯ್ಯುವ ತಿಂಗಳುಗಳಲ್ಲಿ ಅಲ್ಲಿ ನೀಲಿ ಆಕಾಶದ ಕೆಳಗೆ, ಒಂದು ಮೋಡದ ಮುನ್ಸೂಚನೆಯೂ ಇಲ್ಲದೆ, ಗಂಟೆಗೆ 50-60 ಕಿಲೋಮೀಟರ್ ವೇಗದ ಗಾಳಿ ಏಳಬಹುದು. ಎದ್ದರೆ ಕೆಲವು ದಿನ ಬಿಡುವುದಿಲ್ಲ. ಅಥೆನ್ಸ್‌ನಿಂದ ಸ್ಯಾಂಟೊರಿನಿ ನೂರು ನಾಟಿಕಲ್ ಮೈಲಿಗಿಂತಲೂ (ಸುಮಾರು 185 ಕಿಲೋಮೀಟರ್) ದೂರ. ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ಎಲ್ಲರಿಗೂ ಖುಷಿ. ಶನಿವಾರ ದೋಣಿ ಬಿಡಬೇಕು; ಹಾಗಾಗಿ ಶುಕ್ರವಾರ ಸಂಜೆಯೊಳಗೆ ಅದೇ ಗಾಳಿಗೆ ಮುಖ ಕೊಟ್ಟು ಮರಳಬೇಕಾದಾಗ ದೋಣಿ ಅಲೆಯಿಂದ ಅಲೆಗೆ ಕುಕ್ಕುತ್ತದೆ. ಅರವತ್ತು ದಾಟಿದ ಬೆನ್ನುಮೂಳೆಗೆ ಅದು ಬೇಡ. ಮೇಲಾಗಿ ಸ್ಯಾಂಟೊರಿನಿಯ ಒಳಗಡಲು ಮುಳುಗಿದ ಜ್ವಾಲಾಮುಖಿಯ ಬಾಯಿ. ನೀರು ಅಷ್ಟು ಆಳವಾಗಿರುವುದರಿಂದ ಲಂಗರು ಹಾಕಲು ನೆಲೆಯೇ ಸಿಗುವುದು ಕಷ್ಟ. ಆ ದ್ವೀಪವನ್ನು ನೋಡಲೇಬೇಕೆಂದಿದ್ದರೆ ದೋಣಿಯ ವಾರ ಮುಗಿದ ಮೇಲೆ ಪಿರೇಯಸ್ ಬಂದರಿನಿಂದ ದೊಡ್ಡ ಫೆರ್ರಿಯಲ್ಲಿ ಹೋಗಿ ಎರಡು ರಾತ್ರಿ ಉಳಿಯಿರಿ. ಅದರಲ್ಲಿ ಏನೂ ಕಳೆದುಕೊಳ್ಳುವುದಿಲ್ಲ.

ನಿಮ್ಮ ಎರಡನೆಯ ದಾರಿ ಇರುವ ಪಶ್ಚಿಮದ ಅಯೋನಿಯನ್ ಸಮುದ್ರದ ಗುಣವೇ ಬೇರೆ. ಬೆಳಗ್ಗೆ ನೀರು ನಿಶ್ಚಲ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಮಾಯಿಸ್ಟ್ರೊ ಗಾಳಿ ಹಾಯಿ ತುಂಬುವಷ್ಟು ಬಂದು, ಸಂಜೆಗೆ ಇಳಿಯುತ್ತದೆ. ಒಂದು ದ್ವೀಪದಲ್ಲಿ ನಿಂತರೆ ಮುಂದಿನದು ಕಣ್ಣಿಗೆ ಕಾಣುತ್ತದೆ. ದಿನಕ್ಕೆ ಮೂರು ನಾಲ್ಕು ಗಂಟೆ ಹಾಯಿ ಓಡಿಸಿದರೆ ಸಾಕು. ಮೆಗಾನಿಸಿ ದ್ವೀಪದಲ್ಲಿ ದೋಣಿ ಕಟ್ಟಿ ಗುಡ್ಡದ ಮೇಲಿನ ಸ್ಪಾರ್ತೊಖೋರಿ ಹಳ್ಳಿಗೆ ನಿಧಾನವಾಗಿ ಹತ್ತಿ. ಕೆಫಲೋನಿಯಾದ ಉತ್ತರ ತುದಿಯ ಫಿಸ್ಕಾರ್ದೊದಲ್ಲಿ ವೆನಿಸ್ ಆಳ್ವಿಕೆಯ ಕಾಲದ ಶೈಲಿಯ ಮನೆಗಳು ಇನ್ನೂ ನಿಂತಿವೆ. 1953ರ ಭೂಕಂಪ ದ್ವೀಪದ ಉಳಿದ ಬಹುತೇಕ ಊರುಗಳನ್ನು ನೆಲಸಮ ಮಾಡಿತು, ಈ ಊರು ಉಳಿಯಿತು. ಇತಿಹಾಸ ಪಾಠ ಮಾಡಿದವರಾಗಿದ್ದರೆ ಅಲ್ಲಿಂದ ಬೇಗ ಏಳುವುದಿಲ್ಲ. ಎದುರಿಗೇ ಹೋಮರನ ಮಹಾಕಾವ್ಯದ ನಾಯಕ ಒಡಿಸ್ಯೂಸ್‌ನ ಇಥಾಕಾ.

ಮಂಡಿನೋವಿದ್ದರೆ ಒಂದು ಮಾತು. ಅಲ್ಲಿ ದೋಣಿಯ ಹಿಂಭಾಗವನ್ನು ದಕ್ಕೆಗೆ ತಾಗಿಸಿ, ಮುಂದೆ ಲಂಗರು ಬಿಟ್ಟು ಕಟ್ಟುತ್ತಾರೆ. ಒಂದು ಕಿರಿದಾದ ಹಲಗೆಯ ಮೇಲೆ ನಡೆದು ನೆಲ ಸೇರಬೇಕು. ಕೆಳಗಿನ ಕ್ಯಾಬಿನ್‌ಗೆ ಇಳಿಯುವ ಮೆಟ್ಟಿಲು ಏಣಿಯಂತೆ ಕಡಿದು. ಮಗನ ರಜೆ ಸೆಪ್ಟೆಂಬರ್‌ಗೆ ಸರಿಯುವುದಾದರೆ ಇನ್ನೂ ಒಳ್ಳೆಯದು. ಬಿಸಿಲು ಸೌಮ್ಯವಾಗಿರುತ್ತದೆ, ನೀರು ಬೆಚ್ಚಗೇ ಇರುತ್ತದೆ, ದಕ್ಕೆಯಲ್ಲಿ ಜಾಗಕ್ಕೆ ನೂಕುನುಗ್ಗಲೂ ಕಡಿಮೆ.

ಪ್ರಶ್ನೆ: ನನಗೆ 34 ವರ್ಷ, ಒಬ್ಬಳೇ ಹೋಗಬೇಕೆಂದಿದ್ದೇನೆ. ಗುರುತಿಲ್ಲದವರೊಂದಿಗೆ ಒಂದೇ ದೋಣಿಯಲ್ಲಿ ಏಳು ರಾತ್ರಿ ಎಂದರೆ ಮನೆಯವರು ಹೆದರುತ್ತಾರೆ. ಸರ್, ಏನೇನು ವಿಚಾರಿಸಬೇಕು?
— ಓದುಗಿ, ಬೆಂಗಳೂರು

ಉತ್ತರ: ಹೋಗಮ್ಮ, ಧೈರ್ಯವಾಗಿ ಹೋಗು. ಆದರೆ ಮುಂಗಡ ಕೊಡುವ ಮೊದಲು ಉತ್ತರಗಳನ್ನು ಬರಹದಲ್ಲಿ ತರಿಸಿಕೋ.

ಸಾಮಾನ್ಯವಾಗಿ ಇವು 40ರಿಂದ 50 ಅಡಿ ಉದ್ದದ ದೋಣಿಗಳು. ಮೂರರಿಂದ ಐದು ಕ್ಯಾಬಿನ್, ಶನಿವಾರದಿಂದ ಶನಿವಾರ. ನೀನು ಕೊಳ್ಳುವುದು ಇಡೀ ದೋಣಿಯನ್ನಲ್ಲ, ಒಂದು ಕ್ಯಾಬಿನ್ ಅಥವಾ ಒಂದು ಹಾಸಿಗೆಯನ್ನು. ಆದ್ದರಿಂದ ಮೊದಲ ಪ್ರಶ್ನೆ: ಕ್ಯಾಬಿನ್ ನನ್ನೊಬ್ಬಳದೇ, ಅದಕ್ಕೆ ಹೆಚ್ಚುವರಿ ಎಷ್ಟು? ಹಂಚಿಕೊಳ್ಳುವುದಾದರೆ ಇನ್ನೊಬ್ಬ ಮಹಿಳೆಯೊಂದಿಗೆ ಮಾತ್ರವೇ? ಉಳಿದ ಪ್ರಯಾಣಿಕರ ವಯಸ್ಸೇನು, ಒಂದೇ ಗುಂಪಿನ ಗೆಳೆಯರೇ ಅಥವಾ ಬಿಡಿಬಿಡಿಯಾಗಿ ಬಂದವರೇ? ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಒಂದೇ ತಂಡವಾಗಿದ್ದರೆ ಆ ವಾರ ಬೇಡ, ಬೇರೆ ವಾರ ನೋಡು. ಒಂದು ಶೌಚಾಲಯಕ್ಕೆ ಎಷ್ಟು ಜನ? ಸ್ಕಿಪ್ಪರ್ ಮಲಗುವುದೆಲ್ಲಿ? ಮಹಿಳಾ ಸ್ಕಿಪ್ಪರ್‌ಗಳೂ ಇದ್ದಾರೆ, ಅವರೇ ಬೇಕೆಂದು ಕೇಳಲು ಸಂಕೋಚ ಬೇಡ. ಹೊರಡುವ ಮೊದಲು ಸ್ಕಿಪ್ಪರ್ ಜೊತೆ ವಿಡಿಯೊ ಕರೆಯಲ್ಲಿ ಹತ್ತು ನಿಮಿಷ ಮಾತನಾಡು. ಆ ನೀರಿನಲ್ಲಿ ಎಷ್ಟು ಕಾಲದ ಅನುಭವ, ಗಾಳಿ ಕೆಟ್ಟರೆ ಏನು ಮಾಡುತ್ತೀರಿ ಎಂದು ಕೇಳು. “ಬಂದರಿನಲ್ಲೇ ಉಳಿಯುತ್ತೇವೆ” ಎಂದು ಹಿಂಜರಿಕೆಯಿಲ್ಲದೆ ಹೇಳುವವರನ್ನು ನಂಬಬಹುದು.

ಹಣದ ವಿಷಯ. ಕ್ಯಾಬಿನ್ ದರದ ಮೇಲೆ ಎಲ್ಲರೂ ಸೇರಿ ಒಂದು ಸಾಮಾನ್ಯ ಹುಂಡಿಗೆ ಯೂರೊ ಹಾಕುತ್ತಾರೆ. ದಿನಸಿ, ಡೀಸೆಲ್, ಬಂದರಿನ ಶುಲ್ಕ, ಕುಡಿಯುವ ನೀರು ಎಲ್ಲವೂ ಅದರಿಂದಲೇ. ಸ್ಕಿಪ್ಪರ್‌ನ ಊಟವನ್ನೂ ಪ್ರಯಾಣಿಕರೇ ನೋಡಿಕೊಳ್ಳುವುದು ರೂಢಿ. ಸ್ಕಿಪ್ಪರ್ ಅಡುಗೆಯವನಲ್ಲ, ಪಾತ್ರೆ ತೊಳೆಯುವವನೂ ಅಲ್ಲ. ಆದರೆ ಎಲ್ಲಿಗೆ ಹೋಗಬೇಕು, ಯಾವಾಗ ಹೊರಡಬೇಕು ಎಂಬ ಕೊನೆಯ ಮಾತು ಅವನದೇ. ನಮ್ಮ ಕರಾವಳಿಯ ದೋಣಿಗಳಲ್ಲಿ ತಾಂಡೇಲನ ಮಾತಿಗೆ ಎದುರಾಡುವವರಿಲ್ಲ, ಅಲ್ಲಿಯೂ ಹಾಗೆಯೇ.

ಅಥೆನ್ಸ್‌ಗೆ ಹತ್ತಿರದ ಸರೋನಿಕ್ ಕೊಲ್ಲಿ ನಿನಗೆ ಒಪ್ಪುತ್ತದೆ: ಈಜಿನಾ, ಪೊರೊಸ್, ಹೈಡ್ರಾ. ನಾನು ಅಲ್ಲಿ ಹೋದ ಒಂದು ದೋಣಿಯಲ್ಲಿ ಇಬ್ಬರಿಗೆ ರಾತ್ರಿಯ ಗದ್ದಲ ಬೇಕಿತ್ತು, ಉಳಿದವರಿಗೆ ಮೌನ. ಸ್ಕಿಪ್ಪರ್ ಮೊದಲ ಸಂಜೆಯೇ ಎಲ್ಲರನ್ನೂ ನಕ್ಷೆಯ ಸುತ್ತ ಕೂರಿಸಿ ಒಬ್ಬೊಬ್ಬರ ಒಂದೊಂದು ಆಸೆ ಕೇಳಿ ಬರೆದುಕೊಂಡ. ಒಬ್ಬಾಕೆ ಎಪಿಡಾರಸ್‌ನ ಪ್ರಾಚೀನ ರಂಗಮಂದಿರ ಎಂದರು, ನಾನು ಕಾರುಗಳನ್ನು ಬಿಡದ ಹೈಡ್ರಾ ಎಂದೆ. ಹೈಡ್ರಾದ ಬಂದರು ಇಕ್ಕಟ್ಟು, ಒಬ್ಬರ ಲಂಗರಿನ ಸರಪಳಿ ಮೇಲೆ ಇನ್ನೊಬ್ಬರದು ಬೀಳುತ್ತದೆ. ಆದ್ದರಿಂದ ಎದುರು ದಡದ ಎರ್ಮಿಯೊನಿಯಲ್ಲಿ ದೋಣಿ ಕಟ್ಟಿ ಫೆರ್ರಿಯಲ್ಲಿ ಕಳುಹಿಸಿದ. ಇಂಥ ಸ್ಕಿಪ್ಪರ್ ಸಿಕ್ಕರೆ ಅಪರಿಚಿತರು ಬಹಳ ಹೊತ್ತು ಅಪರಿಚಿತರಾಗಿ ಉಳಿಯುವುದಿಲ್ಲ. ಮನೆಯವರಿಗೆ ದೋಣಿಯ ಹೆಸರು, ಸ್ಕಿಪ್ಪರ್‌ನ ಫೋನ್ ಸಂಖ್ಯೆ ಕೊಟ್ಟಿರು. ಗ್ರೀಸಿನಲ್ಲಿ ತುರ್ತು ಸಂಖ್ಯೆ 112, ಕರಾವಳಿ ಪಡೆಯದು 108.

ಪ್ರಶ್ನೆ: ನಾವು ಜೈನರು, ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಉಪವಾಸ ಬೀಳಬೇಕಾಗುತ್ತದೆಯೇ?
— ಓದುಗರು, ಧಾರವಾಡ

ಉತ್ತರ: ಇಲ್ಲ, ಆದರೆ ಹೋಟೆಲನ್ನು ನೆಚ್ಚಿಕೊಳ್ಳಬೇಡಿ. ದೋಣಿಯಲ್ಲಿ ಗ್ಯಾಸ್ ಒಲೆ, ಸಣ್ಣ ಫ್ರಿಜ್ ಇರುತ್ತವೆ. ತೊಗರಿಬೇಳೆ, ಅವಲಕ್ಕಿ, ಇಂಗು, ಮಸಾಲೆ ಪುಡಿ ಒಯ್ಯಿರಿ. ಕುಕ್ಕರ್ ಇದೆಯೇ ಎಂದು ಮೊದಲೇ ಕೇಳಿ. ಧಾರವಾಡ ಪೇಡ ಮಾತ್ರ ಬೇಡ, ತುಪ್ಪವೂ ಬೇಡ: ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ.

ಹೊರಗೆ ತಿನ್ನುವಾಗ ನಿಸ್ತಿಸಿಮಾ ಎಂಬ ಹೆಸರು ನೆನಪಿರಲಿ, ಗ್ರೀಕ್ ಚರ್ಚಿನ ಉಪವಾಸದ ಅಡುಗೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲ. ಆದರೆ ಆಕ್ಟೋಪಸ್, ಸ್ಕ್ವಿಡ್ ಅವರ ಉಪವಾಸಕ್ಕೆ ನಡೆಯುತ್ತವೆ, ಆದ್ದರಿಂದ ಕೇಳದೆ ತಿನ್ನಬೇಡಿ. ಬೇಯಿಸಿ ಎಣ್ಣೆ, ನಿಂಬೆರಸ ಹಾಕಿದ ಸೊಪ್ಪು ‘ಖೊರ್ತಾ’ ನಿಮಗೆ ಹೊಂದುತ್ತದೆ. ‘ಫಾವಾ’ ನಮ್ಮ ತೊವ್ವೆಗೆ ಬಹಳ ಹತ್ತಿರ. ಸ್ಯಾಂಟೊರಿನಿಯದಾದರೆ ಅದು ಕೇಸರಿಬೇಳೆಯ ಕುಲದ ಕಾಳಿನದು. ಆದರೆ ಈರುಳ್ಳಿ ಹಾಕಿಯೇ ಕೊಡುತ್ತಾರೆ. ಫೆಟಾ ಎಂಬ ಚೀಸ್‌ಗೆ ಹಾಲು ಒಡೆಯಲು ಸಾಂಪ್ರದಾಯಿಕವಾಗಿ ಪ್ರಾಣಿಜನ್ಯ ರೆನೆಟ್ ಬಳಸುತ್ತಾರೆ, ಅದನ್ನೂ ಬಿಡಿ. ಈಜಿನಾದ ಪಿಸ್ತಾ, ಮೊಸರು, ಕಲ್ಲಂಗಡಿ ಹೊಟ್ಟೆ ತುಂಬ ತಿನ್ನಿ.

ಪ್ರಶ್ನೆ: ಈಜು ಬಾರದು, ಬಸ್ಸಿನಲ್ಲೂ ವಾಂತಿ. ಹೋಗಬಹುದೇ?
— ಓದುಗರು, ಕಾರ್ಕಳ

ಉತ್ತರ: ಹೋಗಬಹುದು. ಈಜು ಬಾರದೆಂದು ಸ್ಕಿಪ್ಪರ್‌ಗೆ ಮೊದಲ ದಿನವೇ ತಿಳಿಸಿ, ದೋಣಿ ಚಲಿಸುವಾಗ ಲೈಫ್ ಜಾಕೆಟ್ ಕಳಚಬೇಡಿ. ವಾಂತಿಗೆ ಮಾತ್ರೆ ಯಾವುದೆಂದು ವೈದ್ಯರನ್ನು ಕೇಳಿ, ಹೊರಡುವ ಮೊದಲೇ ತೆಗೆದುಕೊಳ್ಳಿ; ಶುರುವಾದ ಮೇಲೆ ನುಂಗಿದ್ದು ಉಳಿಯುವುದಿಲ್ಲ. ಕ್ಯಾಬಿನ್‌ಗೆ ಇಳಿಯದೆ ಮೇಲೆಯೇ ಕುಳಿತು ದಿಗಂತ ನೋಡಿ. ಚುಕ್ಕಾಣಿ ಹಿಡಿಯಲು ಕೊಟ್ಟರೆ ಹಿಡಿಯಿರಿ, ಅರ್ಧ ಸಂಕಟ ಅಲ್ಲೇ ಹೋಗುತ್ತದೆ.

ಪ್ರಶ್ನೆ: ಸಾಮಾನು ಎಷ್ಟು? ಶೌಚಾಲಯ ಹೇಗಿರುತ್ತದೆ?
— ಓದುಗರು, ಕಲಬುರಗಿ

ಉತ್ತರ: ಮಡಚಿಡಬಹುದಾದ ಬಟ್ಟೆಯ ಚೀಲ ಒಯ್ಯಿರಿ. ಗಾಲಿಯ ಗಟ್ಟಿ ಸೂಟ್‌ಕೇಸ್ ಇಡಲು ಜಾಗವಿಲ್ಲ. ಶೌಚಾಲಯದ ಕೊಳವೆ ಸಣ್ಣದು, ಕಾಗದವನ್ನು ಬುಟ್ಟಿಗೆ ಹಾಕಬೇಕು. ಕಟ್ಟಿಕೊಂಡರೆ ಇಡೀ ದೋಣಿಯ ದಿನ ಹಾಳು. ತೊಟ್ಟಿಯ ನೀರು ಕೆಲವು ನೂರು ಲೀಟರ್ ಅಷ್ಟೆ, ಎಲ್ಲರಿಗೂ ಸೇರಿ. ಕಲಬುರಗಿಯ ಬೇಸಿಗೆ ಕಂಡವರಿಗೆ ನೀರಿನ ಮಿತವ್ಯಯ ನಾನು ಹೇಳಿಕೊಡಬೇಕಿಲ್ಲ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ, ಭಾರತದ ಪಾಸ್‌ಪೋರ್ಟ್. ನಾನು ನೋಡಿರುವ ದೋಣಿ ಕೊಸ್ ದ್ವೀಪದಿಂದ ಹೊರಟು ಒಂದು ರಾತ್ರಿ ಟರ್ಕಿಯ ಬೋಡ್ರಮ್‌ನಲ್ಲಿ ನಿಲ್ಲುತ್ತದಂತೆ. ವೀಸಾ ಹೇಗೆ?
— ಓದುಗರು, ಒಮಾನ್

ಉತ್ತರ: ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಗ್ರೀಸಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ವೀಸಾ) ಬೇಕು, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ. ಕೊಸ್‌ನಿಂದ ಬೋಡ್ರಮ್ ಕಣ್ಣಳತೆಯ ದೂರ, ಆದರೆ ದಾಟಿದ ಕ್ಷಣ ನೀವು ಷೆಂಗೆನ್ ಪ್ರದೇಶದಿಂದ ಹೊರಗೆ. ಒಂದೇ ಪ್ರವೇಶದ ವೀಸಾ ಆಗಿದ್ದರೆ ಅದು ಅಲ್ಲಿಗೆ ಮುಗಿಯಿತು. ಮರುದಿನ ನಿಮ್ಮನ್ನು ಕೊಸ್‌ಗೆ ಬಿಡುವುದಿಲ್ಲ, ನಿಮ್ಮ ಮರಳುವ ವಿಮಾನ ಕೊಸ್‌ನಿಂದ! ಆದ್ದರಿಂದ ಅರ್ಜಿಯಲ್ಲೇ ಬಹುಪ್ರವೇಶ ಕೇಳಿ, ದೋಣಿಯ ದಾರಿಪಟ್ಟಿಯನ್ನು ಲಗತ್ತಿಸಿ. ಟರ್ಕಿಯ ವೀಸಾ ಬೇರೆಯೇ ಮಾಡಿಸಬೇಕು. ಬಹುಪ್ರವೇಶ ಸಿಗದಿದ್ದರೆ ಬೋಡ್ರಮ್ ಬಿಟ್ಟು ಗ್ರೀಸಿನ ನೀರಿನಲ್ಲೇ ಸುತ್ತುವ ದೋಣಿಗೆ ಬದಲಾಯಿಸಿಕೊಳ್ಳಿ. ಪ್ರಯಾಣಿಕರ ಪಟ್ಟಿಯಲ್ಲಿ ನಿಮ್ಮ ಹೆಸರು, ತಂದೆಯ ಹೆಸರಿನ ಇನಿಶಿಯಲ್ ಸಹಿತ, ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇದೆಯೇ ಎಂದು ದೋಣಿ ಹತ್ತುವ ಮೊದಲು ನೋಡಿಕೊಳ್ಳಿ.