ಹನ್ನೊಂದು ಜನರ ಆಟಕ್ಕೆ 105 ಹುಡುಗರು ಯಾಕೆ?
ಅಮೆರಿಕದ ಕಾಲೇಜ್ ಫುಟ್‌ಬಾಲ್ (ನಮ್ಮ ಫುಟ್‌ಬಾಲ್ ಅಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ) ತಂಡದಲ್ಲಿ ಅಷ್ಟೊಂದು ಹುಡುಗರು ಯಾಕೆ, ಅವರು ನಿಜವಾಗಿ ಓದುತ್ತಾರಾ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಅಲ್ಲಿ ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು, ಕಿಕ್ ಹೊಡೆಯುವ ಹೊತ್ತಿಗೆ ಮತ್ತೊಂದು. ಗಾಯಗಳೂ ಜಾಸ್ತಿ. ದೊಡ್ಡ ಕಾಲೇಜುಗಳಲ್ಲಿ ಮೊದಲು 85 ಸ್ಕಾಲರ್‌ಶಿಪ್‌ನ ಮಿತಿ ಇತ್ತು. ಅದರ ಮೇಲೆ ಸ್ವಂತ ಖರ್ಚಿನಲ್ಲಿ ಆಡುವ ಹುಡುಗರೂ ಇರುತ್ತಿದ್ದರು. ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ 2025ರಲ್ಲಿ ಕೋರ್ಟ್ ಒಪ್ಪಿದ ರಾಜಿಯ ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡಕ್ಕೇ 105ರ ಮಿತಿ ಬಂತು. ಮೊದಲ ವರ್ಷ (2025-26) ಒಂದು ಕಾಲೇಜು ತನ್ನ ಎಲ್ಲಾ ಆಟಗಳ ಆಟಗಾರರಿಗೆ ಸೇರಿಸಿ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಕೊಡಬಹುದಿತ್ತು. ಆದರೆ 105ರ ಮಿತಿಯಿಂದ ಸ್ವಂತ ದುಡ್ಡಲ್ಲಿ ಓದುತ್ತಾ ಆಡುತ್ತಿದ್ದ ಎಷ್ಟೋ ಹುಡುಗರ ಜಾಗ ಹೋಯಿತು. ನನಗೆ ಇದೇ ಬೇಜಾರು.

ಓದಿನ ವಿಷಯಕ್ಕೆ ಎಪಿಆರ್ ಅನ್ನುವ ಅಳತೆ ಇದೆ. ಸ್ಕಾಲರ್‌ಶಿಪ್ ಪಡೆದ ಆಟಗಾರ ಕಾಲೇಜಲ್ಲೇ ಉಳಿದರೆ ಒಂದು ಅಂಕ, ಓದಿನಲ್ಲಿ ಅರ್ಹನಾಗಿದ್ದರೆ ಇನ್ನೊಂದು. ತಂಡಕ್ಕೆ ಸಿಕ್ಕ ಅಂಕಗಳನ್ನು 1000ಕ್ಕೆ ಲೆಕ್ಕ ಹಾಕಿದಾಗ ನಾಲ್ಕು ವರ್ಷದ ಸರಾಸರಿ ಕನಿಷ್ಠ 930 ಇರಲೇಬೇಕು ಅನ್ನುವುದು ನಿಯಮ. ಕಡಿಮೆಯಾದರೆ ಸೀಸನ್ ಮುಗಿದ ಮೇಲೆ ನಡೆಯುವ ಪಂದ್ಯಗಳಿಗೆ ನಿಷೇಧ ಬೀಳಬಹುದು. ಅದಕ್ಕೇ ಕೋಚ್‌ಗಳ ಜೊತೆ ಪಾಠ ಹೇಳಿಕೊಡುವವರನ್ನೂ ಇಟ್ಟುಕೊಳ್ಳುತ್ತಾರೆ. ನಿಮ್ಮ ಹುಡುಗ ಸೇರುವ ಮುನ್ನ ಆ ಕಾಲೇಜಿನ ಎಪಿಆರ್ ಖಂಡಿತ ನೋಡಿ.